ಹೋಗಿ ಬರುತ್ತೇನೆ

ಕಡಲಂಚಿನ ದೊಡ್ಡ ನಗರಗಳಿಗೆ ಹತ್ತಿರದಲ್ಲೊಂದು ದ್ವೀಪ ಬೇಕೆಂದು ತೋರುತ್ತದೆ, ಮನೆಗೆ ಅಟ್ಟ ಬೇಕಾದ ಹಾಗೆ. ಅಟ್ಟಕ್ಕೆ ನಾವು ಎರಡು ಬಗೆಯ ವಸ್ತುಗಳನ್ನು ಏರಿಸುತ್ತೇವೆ: ಹಬ್ಬಕ್ಕೆ ಮಾತ್ರ ಬೇಕಾದವು, ಬಂದವರ ಕಣ್ಣಿಗೆ ಬೀಳಬಾರದವು. ನಗರವೂ ತನ್ನ ದ್ವೀಪಕ್ಕೆ ಎರಡು ಬಗೆಯ ಜನರನ್ನು ಕಳುಹಿಸಿಕೊಡುತ್ತದೆ. ರಜೆಯ ದಿನ ನಲಿಯಬಯಸುವವರು ಒಂದು ಬಗೆ. ತನ್ನ ಬೀದಿಯಲ್ಲಿ ನಡೆದಾಡುವುದು ಬೇಡವೆಂದು ನಗರವೇ ಬಗೆದವರು ಇನ್ನೊಂದು. ಇಬ್ಬರೂ ದಾಟುವ ನೀರು ಒಂದೇ, ಇಳಿಯುವ ಮರಳು ಒಂದೇ. ಆದರೂ ಒಬ್ಬನಿಗೆ ಅದು ವಿಹಾರ, ಇನ್ನೊಬ್ಬನಿಗೆ ಸೆರೆ. ಈ ಭೇದ ಎಲ್ಲಿಂದ ಬಂತು? ಹಲವರ ಹಿತಕ್ಕಾಗಿ ಕೆಲವರನ್ನು ದೂರವಿಡುವ ಹಕ್ಕು ಊರಿಗೆ ಉಂಟೆ? ಉಂಟಾದರೆ ಅದರ ಎಲ್ಲೆ ಯಾವುದು?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಸಿಂಗಪುರದಲ್ಲಿ. ನೆಂಟರ ಮನೆಗೆಂದು ಹೋಗಿದ್ದವನನ್ನು ಅವರು ಒಂದು ಭಾನುವಾರ ದಕ್ಷಿಣದ ದ್ವೀಪಗಳಿಗೆ ಹೊರಡಿಸಿದರು. ನಗರದ ದಕ್ಷಿಣದಂಚಿನಲ್ಲಿ ಮರೀನಾ ಸೌತ್ ಪಿಯರ್ ಎಂಬ ದೋಣಿಕಟ್ಟೆಯಿದೆ. 1933ರಲ್ಲಿ ತೆರೆದ ಹಳೆಯ ಕ್ಲಿಫರ್ಡ್ ಪಿಯರ್ 2006ರಲ್ಲಿ ಮುಚ್ಚಿದ ಮೇಲೆ ಆ ದ್ವೀಪಗಳ ಲಾಂಚುಗಳು ಇಲ್ಲಿಂದಲೇ ಬಿಡುತ್ತವೆ. ಬುತ್ತಿ ಕಟ್ಟಿಕೊಂಡ ಸಂಸಾರಗಳು, ಗಾಳ ಹಿಡಿದ ಮುದುಕರು, ಕೊಡೆ ಮರೆತು ಬಂದ ನಮ್ಮಂಥವರು, ಎಲ್ಲರೂ ಸಾಲುಗಟ್ಟಿ ನಿಂತೆವು. ಕೊಟ್ಟದ್ದು ಹೋಗಿ ಬರುವ ಟಿಕೆಟ್ಟು. ಕಡೆಯ ಲಾಂಚು ಎಷ್ಟು ಗಂಟೆಗೆಂದು ವಿಚಾರಿಸದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಸುಖಕ್ಕೆಂದು ಹೊರಟವರು ಹೊರಡುವ ಮೊದಲೇ ಮರಳುವ ಹೊತ್ತನ್ನು ಗಟ್ಟಿಮಾಡಿಕೊಳ್ಳುವುದನ್ನು ಕಂಡು ನನಗೆ ನಮ್ಮ ಮಾತೊಂದು ನೆನಪಾಯಿತು. ಕನ್ನಡದ ಮನೆಗಳಲ್ಲಿ ಬೀಳ್ಕೊಳ್ಳುವಾಗ ‘ಹೋಗುತ್ತೇನೆ’ ಎನ್ನುವಂತಿಲ್ಲ. ‘ಹೋಗಿ ಬರುತ್ತೇನೆ’ ಎನ್ನಬೇಕು. ಹಾಗೆನ್ನದಿದ್ದರೆ ಹಿರಿಯರು ಬಾಗಿಲಲ್ಲೇ ತಡೆದು ತಿದ್ದುತ್ತಾರೆ. ಬರುವುದು ಖಚಿತವಾದರೆ ಮಾತ್ರ ಹೋಗುವುದು ಶುಭ ಎಂಬ ಅರಿವು ಆ ಎರಡು ಪದಗಳಲ್ಲಿ ಅಡಗಿದೆ.

ಲಾಂಚು ಮುಟ್ಟುವ ದ್ವೀಪಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಒಂದು ಕುಸು. ಚೀನೀಯರ ಹೊಕ್ಕಿಯೆನ್ ನುಡಿಯಲ್ಲಿ ಹಾಗೆಂದರೆ ಆಮೆಯ ದ್ವೀಪ. ಹಡಗು ಒಡೆದು ನೀರುಪಾಲಾಗುತ್ತಿದ್ದ ಇಬ್ಬರು ನಾವಿಕರನ್ನು, ಒಬ್ಬ ಚೀನೀಯ, ಒಬ್ಬ ಮಲಯದವ, ಉಳಿಸಲೆಂದು ದೊಡ್ಡ ಆಮೆಯೊಂದು ತಾನೇ ದ್ವೀಪವಾಗಿ ಮೇಲೆದ್ದಿತಂತೆ. ಕೆಳಗೆ 1923ರಲ್ಲಿ ಕಟ್ಟಿದ ಚೀನೀಯರ ದೇಗುಲ, ಗುಡ್ಡದ ನೆತ್ತಿಯಲ್ಲಿ ಮುಸಲ್ಮಾನ ಸಂತರ ಸಮಾಧಿ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ ಯಾತ್ರಿಕರು ದೋಣಿ ತುಂಬ ಬರುತ್ತಾರೆ. 2022ರಲ್ಲಿ ಬೆಂಕಿ ಬಿದ್ದು ಗುಡ್ಡದ ಮೇಲಿನ ಸಮಾಧಿಗಳಿಗೆ ಹಾನಿಯಾಯಿತು. ಕತೆಗೆ ಮಾತ್ರ ಹಾನಿಯಾಗಿಲ್ಲ. ಮುಳುಗುವವನ ಜಾತಿ ಕೇಳದೆ ಬೆನ್ನು ಕೊಟ್ಟ ದ್ವೀಪ ಅದು.

ಇನ್ನೊಂದು ಸೇಂಟ್ ಜಾನ್ಸ್. ನಗರದಿಂದ ಆರೇಳು ಕಿಲೋಮೀಟರು, ಅರ್ಧ ಗಂಟೆಯ ಹಾದಿ. 1819ರ ಜನವರಿಯಲ್ಲಿ ರ‍್ಯಾಫಲ್ಸ್ ಸಿಂಗಪುರದ ನೆಲಕ್ಕೆ ಕಾಲಿಡುವ ಮುನ್ನ ಲಂಗರು ಹಾಕಿದ್ದು ಇದರ ಬಳಿ. 1873ರಲ್ಲಿ ನಗರಕ್ಕೆ ಕಾಲರಾ ಬಡಿಯಿತು. ಮರು ವರ್ಷ ಈ ದ್ವೀಪದಲ್ಲಿ ಕ್ವಾರಂಟೈನ್ ಠಾಣೆ ತೆರೆಯಿತು. ಚೀನದಿಂದ, ನಮ್ಮ ಮದರಾಸಿನ ಕಡೆಯಿಂದ ಕೂಲಿಗೆಂದು ಬಂದವರನ್ನೂ, ಮೆಕ್ಕಾದಿಂದ ಹಿಂದಿರುಗುತ್ತಿದ್ದ ಯಾತ್ರಿಕರನ್ನೂ ಇಲ್ಲಿ ಇಳಿಸಿಕೊಂಡು, ಮೈ ತೊಳೆಸಿ, ಬಟ್ಟೆಗೆ ಹಬೆ ಕೊಟ್ಟು, ರೋಗವಿಲ್ಲವೆಂದು ತಿಳಿಯುವವರೆಗೆ ಇರಿಸಿಕೊಳ್ಳುತ್ತಿದ್ದರು. ನೂರು ವರ್ಷ ಈ ದ್ವೀಪ ತಡೆಹಿಡಿಯುವ ಕೆಲಸವನ್ನೇ ಮಾಡಿತು. ರೋಗಕ್ಕೆಂದು ಕಟ್ಟಿದ ಬೇಲಿ ಬೇರೆಯವರಿಗೂ ಒದಗಿತು. 1948ರಲ್ಲಿ ಆಂಗ್ಲ ಸರಕಾರ ತುರ್ತು ಪರಿಸ್ಥಿತಿ ಸಾರಿದ ಮೇಲೆ ರಾಜಕೀಯ ಬಂದಿಗಳನ್ನು ಇಲ್ಲಿರಿಸಿದರು. 1955ರಿಂದ ಅಫೀಮಿನ ಚಟದವರನ್ನು ಇರಿಸಿದರು. 1975ರಲ್ಲಿ ಅದು ವಿಹಾರದ ತಾಣವಾಯಿತು. 1951ರಲ್ಲಿ ಬಂಧಿತರಾಗಿ ಈ ದ್ವೀಪದಲ್ಲಿದ್ದ ಸಿ. ವಿ. ದೇವನ್ ನಾಯರ್ 1981ರಲ್ಲಿ ಸಿಂಗಪುರದ ರಾಷ್ಟ್ರಾಧ್ಯಕ್ಷರಾದರು. ದ್ವೀಪಕ್ಕೆ ತಳ್ಳಿದವನಿಗೇ ಅದೇ ಊರು ಮುಂದೆ ಪಟ್ಟ ಕಟ್ಟಿತು. ಊರಿಗೆ ಆಗದವನು ಯಾರೆಂಬ ತೀರ್ಪು ಎಷ್ಟು ಅಲ್ಪಾಯುಷಿ, ನೋಡಿ.

ಈಗ ಮೊದಲ ಪ್ರಶ್ನೆಗೆ ಬರೋಣ. ರೋಗವಿದ್ದವನನ್ನು ತಡೆಯುವುದು ಅನ್ಯಾಯವೆನ್ನಲು ನಾನು ಸಿದ್ಧನಿಲ್ಲ. 1377ರಲ್ಲಿ ರಗೂಸಾ ಪಟ್ಟಣ, ಅಂದರೆ ಈಗಿನ ಡುಬ್ರೊವ್ನಿಕ್, ಪ್ಲೇಗಿನ ನಾಡುಗಳಿಂದ ಬಂದವರು ಮೂವತ್ತು ದಿನ ಹೊರಗೆ ಕಳೆದೇ ಒಳಬರಬೇಕೆಂದು ಶಾಸನ ಮಾಡಿತು. 1423ರಲ್ಲಿ ವೆನಿಸ್ಸಿನವರು ಪ್ಲೇಗಿನ ರೋಗಿಗಳಿಗಾಗಿ ದ್ವೀಪವೊಂದನ್ನು ಮೀಸಲಿಟ್ಟರು. ಮದ್ದಿಲ್ಲದ ಕಾಲದಲ್ಲಿ ದೂರವೇ ಮದ್ದು. ತೊಟ್ಟಿಲಲ್ಲಿ ಮಲಗಿದ ಮಗುವಿಗೂ ಬದುಕುವ ಹಕ್ಕುಂಟು. ಹಡಗಿನಿಂದಿಳಿದವನ ಸ್ವಾತಂತ್ರ್ಯಕ್ಕೆ ಆ ಮಗುವನ್ನು ಬಲಿಕೊಡೆಂದು ಯಾವ ಧರ್ಮವೂ ಹೇಳದು.

ಆದರೆ ಇಲ್ಲಿಗೆ ಮಾತು ಮುಗಿಯುವುದಿಲ್ಲ. ಸೇಂಟ್ ಜಾನ್ಸಿನಲ್ಲಿ ಇಳಿದವರಲ್ಲಿ ಬಹುಪಾಲು ಡೆಕ್ಕಿನ ಪ್ರಯಾಣಿಕರು, ಆಕಾಶವನ್ನೇ ಸೂರು ಮಾಡಿಕೊಂಡು ಕಡಲು ದಾಟಿದ ಬಡವರು. ಕಾಲರಾ ಟಿಕೆಟ್ಟಿನ ದರ್ಜೆ ನೋಡುವುದಿಲ್ಲ, ನೋಡುವುದು ಮನುಷ್ಯ. ನಮ್ಮಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆ ಕಾಲದ ಕತೆಗಳನ್ನು ತನ್ನ ತಾಯಿಯಿಂದ ಕೇಳಿದ್ದ ನಮ್ಮಜ್ಜಿ ನಮಗೆ ಹೇಳುತ್ತಿದ್ದಳು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಪಟೇಲನೂ ಹೋದ, ಶಾನುಭೋಗನೂ ಹೋದ, ತಳವಾರನೂ ಹೋದ. ಗುಡಿಸಲುಗಳ ನಡುವೆ ಕೇರಿಯ ಅಂತರ ಹಾಗೇ ಉಳಿದಿತ್ತು, ನಿಜ. ಆದರೆ ಊರಲ್ಲೇ ಉಳಿದು ಇತರರನ್ನು ಹೊರಗಟ್ಟಿದವರು ಯಾರೂ ಇರಲಿಲ್ಲ. ಎಲ್ಲರೂ ಹೊರಗೆ ಹೋದಾಗ ಅದು ಕಷ್ಟ. ಒಬ್ಬನನ್ನು ಮಾತ್ರ ಹೊರಗೆ ಕಳುಹಿಸಿದಾಗ ಅದು ಶಿಕ್ಷೆ.

ಇದು ಹಳೆಯ ಮಾತೆಂದು ವಾಚಕರು ತಳ್ಳಿಹಾಕಬಾರದು. 2020ರ ಏಪ್ರಿಲಿನಲ್ಲಿ ಇದೇ ಸಿಂಗಪುರದಲ್ಲಿ ಕೋವಿಡ್ ಹಬ್ಬಿದಾಗ, ಕಟ್ಟಡ ಕಟ್ಟಲು, ಹಡಗು ರಿಪೇರಿ ಮಾಡಲು ಹೊರನಾಡುಗಳಿಂದ ಬಂದ ಮೂರು ಲಕ್ಷಕ್ಕೂ ಮಿಕ್ಕ ಕೆಲಸಗಾರರನ್ನು ಅವರ ವಸತಿಗಳಲ್ಲೇ ತಡೆಹಿಡಿದರು. ನಮ್ಮ ದೇಶದವರೂ ಅವರಲ್ಲಿ ಬಹಳ ಮಂದಿ. ಒಂದೊಂದು ಕೋಣೆಯಲ್ಲಿ ಹಲವು ಮಂಚ. ರೋಗ ಅಲ್ಲಿ ಬೇಗ ಹರಡಿತು. ಅವರಿಗೆ ಔಷಧೋಪಚಾರ ಮಾಡಿದ್ದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ನಗರ ಮತ್ತೆ ಹೋಟೆಲು ತೆರೆದು, ಪೇಟೆ ತಿರುಗತೊಡಗಿದ ಎಷ್ಟೋ ಕಾಲದ ಮೇಲೂ ಅವರಿಗೆ ಹೊರಬರಲು ಅನುಮತಿಯ ಚೀಟಿ ಬೇಕಾಗಿತ್ತು. ಆ ನಿಯಮ ತೆಗೆದದ್ದು 2022ರ ಜೂನಿನಲ್ಲಿ. ದ್ವೀಪವಾಗಲು ಸುತ್ತ ನೀರೇ ಇರಬೇಕೆಂದಿಲ್ಲ. ನಮ್ಮಲ್ಲಿ 2020ರಲ್ಲಿ ಹೆದ್ದಾರಿಗಳಲ್ಲಿ ಹೆಂಡತಿ ಮಕ್ಕಳೊಡನೆ ನೂರಾರು ಮೈಲಿ ನಡೆದವರನ್ನು ನೆನೆದರೆ, ಇನ್ನೊಬ್ಬರ ಕಡೆ ಬೆರಳು ತೋರುವ ಧೈರ್ಯ ನಮಗೂ ಬಾರದು.

ಹಾಗಾದರೆ ಆ ಮರಳಿನ ಮೇಲೆ ಬುತ್ತಿ ಬಿಚ್ಚುವುದು ಪಾಪವೆ? ಖಂಡಿತ ಅಲ್ಲ. ಅತ್ತವರ ನೆಲದಲ್ಲಿ ನಗಬಾರದೆಂದರೆ ಮಕ್ಕಳು ಆಡಲು ಭೂಮಿಯ ಮೇಲೆ ಒಂದು ಗೇಣು ಜಾಗ ಸಿಕ್ಕದು. ಸೆರೆಯಿದ್ದ ಕಡೆ ಮಕ್ಕಳ ಕೇಕೆ ಕೇಳಿದರೆ ಅದು ಜಗತ್ತು ಸ್ವಲ್ಪ ಮೇಲಾದುದರ ಗುರುತು. ನಾನು ಕೇಳುವುದು ಸಂತೋಷವನ್ನು ಬಿಡಿರೆಂದಲ್ಲ. ನಮ್ಮ ಸಂತೋಷ ಯಾವುದರ ಮೇಲೆ ನಿಂತಿದೆಯೆಂದು ತಿಳಿದಿರಬೇಕು, ಅಷ್ಟೇ. ಅದು ಹಸುರು ಗುಡ್ಡದ ಮೇಲೂ ನಿಂತಿಲ್ಲ, ನೀಲಿ ನೀರಿನ ಮೇಲೂ ನಿಂತಿಲ್ಲ. ಕಿಸೆಯಲ್ಲಿರುವ ಮರಳುವ ಟಿಕೆಟ್ಟಿನ ಮೇಲೆ ನಿಂತಿದೆ. ಅದನ್ನು ಕಿತ್ತುಕೊಂಡು ನೋಡಿ, ಅದೇ ತೆಂಗು, ಅದೇ ಗಾಳಿ ಆ ಗಳಿಗೆಗೇ ಬೇರೆಯಾಗುತ್ತವೆ.

ಆದ್ದರಿಂದ ನನಗೆ ಹೊಳೆಯುವ ಧರ್ಮ ಇಷ್ಟು. ಹಲವರಿಗಾಗಿ ಒಬ್ಬನನ್ನು ದೂರವಿಡಬೇಕಾದ ಕಾಲ ಬಂದೀತು, ಇನ್ನೂ ಬರುತ್ತದೆ. ಆಗ ಅವನು ಊರಿಗೆ ಸಾಲ ಕೊಟ್ಟವನೇ ಹೊರತು ಅಪರಾಧಿಯಲ್ಲ. ತನ್ನ ದಿನಗಳನ್ನು ಅವನು ನಮಗೆ ಕಡ ಕೊಟ್ಟಿದ್ದಾನೆ. ಕಡಕ್ಕೆ ಗಡುವು ಇರಬೇಕು. ಅವನ ಕೂಲಿ ನಿಲ್ಲಬಾರದು. ಮೇಲಿನ ದರ್ಜೆಯಲ್ಲಿ ಬಂದವನಿಗೂ ಅದೇ ನಿಯಮ ಸಲ್ಲಬೇಕು. ಮುಖ್ಯವಾಗಿ, ಎಂದು ಮರಳಿ ಬರುತ್ತಾನೆಂಬುದನ್ನು ಕಳುಹಿಸುವಾಗಲೇ ಅವನಿಗೆ ಹೇಳಬೇಕು. ಯಾರನ್ನೇ ಆಗಲಿ, ‘ಹೋಗಿ ಬರುತ್ತೇನೆ’ ಎಂದು ಅವನು ನಂಬಿ ಹೇಳಲಾರದಂಥ ದ್ವೀಪಕ್ಕೆ ದೋಣಿ ಹತ್ತಿಸುವ ಹಕ್ಕು ಯಾವ ನಗರಕ್ಕೂ ಇಲ್ಲ.