ಎದುರಿಲ್ಲದವನ ಬಗ್ಗೆ

ಸಭಾಪಾಲಕನಾಗಲು ಓದುವವನು ಮನೆಯಿಂದ ಬಂದು ಹೋಗಿ ಓದಿದರೆ ಸಾಲದು, ನಾಲ್ಕು ವರ್ಷ ಹಾಸ್ಟೆಲಿನಲ್ಲೇ ಇರಬೇಕು ಎಂಬುದು ನಾನು ಓದಿದ ದೇವಶಾಸ್ತ್ರ ಕಾಲೇಜಿನ ನಿಯಮ. ಹೀಬ್ರೂ, ಗ್ರೀಕ್, ಸಭಾ ಚರಿತ್ರೆಗೆ ಪರೀಕ್ಷೆಗಳಿದ್ದವು. ಬಿ.ಡಿ. ಪದವಿ ಕೊಡುವುದು ಸೆರಾಂಪುರದ ಸೆನೆಟ್. 1827ರಲ್ಲಿ ಡೆನ್ಮಾರ್ಕಿನ ದೊರೆ ಅಲ್ಲಿನ ಕಾಲೇಜಿಗೆ ಕೊಟ್ಟ ಸನದಿಗೂ ನಮ್ಮ ಹಳ್ಳಿ ಹುಡುಗರ ಪದವಿಗೂ ನಂಟಿದೆ ಎಂಬುದು ನನಗೆ ಈಗಲೂ ಸೋಜಿಗ. ಆದರೆ ಜೊತೆಯಲ್ಲಿ ಬದುಕುವುದಕ್ಕೆ ಪ್ರಶ್ನೆಪತ್ರಿಕೆ ಇರಲಿಲ್ಲ. ಅದಕ್ಕೆ ವಾರ್ಡನ್ ಬರೆಯುವ ವರದಿ ಇತ್ತು. ನಮ್ಮನ್ನು ಓದಲು ಕಳಿಸಿದ ಡಯಾಸಿಸ್‌ಗೆ ಅದು ವರ್ಷಕ್ಕೊಮ್ಮೆ ಹೋಗುತ್ತಿತ್ತು.

ಎರಡನೆಯ ವರ್ಷ ನನ್ನ ಕೋಣೆಯಲ್ಲಿದ್ದವನು ಬೀದರ್ ಕಡೆಯವನು. ರಜೆಯಲ್ಲಿ ಅವನ ತಂಗಿ ತೀರಿಕೊಂಡಿದ್ದಳು. ತಿರುಗಿ ಬಂದ ಮೇಲೆ ಬೆಳಗಿನ ಪ್ರಾರ್ಥನೆಗೆ ಏಳುವುದನ್ನೇ ಬಿಟ್ಟ. ಒಂದು ರಾತ್ರಿ ದೀಪ ಆರಿಸಿದ ಮೇಲೆ ಹೇಳಿದ: “ಬಾಯಿ ತೆಗದ್ರ ಸುಳ್ಳ ಬರ್ತದ. ಅದಕ್ಕ ಬರಂಗಿಲ್ಲ.”

ವಾರ್ಡನ್ ಕೇಳಿದಾಗ ನಾನು ಆ ಮಾತನ್ನು ಅವರಿಗೆ ಒಪ್ಪಿಸಿದೆ. ಚಾಡಿಯ ದನಿಯಲ್ಲಲ್ಲ. “ಅವನಿಗೋಸ್ಕರ ಪ್ರಾರ್ಥನೆ ಮಾಡಬೇಕು ಸರ್” ಎಂದೇ ಶುರುಮಾಡಿದ್ದು. ನಮ್ಮ ಸಭೆಗಳಲ್ಲಿ ಬೆಳೆದವರಿಗೆ ಈ ಪೀಠಿಕೆ ಚೆನ್ನಾಗಿ ಗೊತ್ತು. ಇದರ ಬೆನ್ನಿಗೆ ಯಾರ ಮನೆಯ ಗುಟ್ಟನ್ನಾದರೂ ಹೇಳಬಹುದು. ಆ ವರ್ಷದ ವರದಿಯಲ್ಲಿ ಅವನು ‘ಭಕ್ತಿಯಲ್ಲಿ ದುರ್ಬಲ’ ಎಂದಾದ, ನಾನು ‘ಸಹಪಾಠಿಗಳ ಬಗ್ಗೆ ಕಾಳಜಿಯುಳ್ಳವನು’. ಅವನ ದೀಕ್ಷೆ ಒಂದು ವರ್ಷ ಮುಂದೆ ಹೋಯಿತು.

ಮೂರನೆಯ ವರ್ಷ ಬಾನ್‌ಹಾಫರ್ ಪಾಠಕ್ಕೆ ಬಂದ. ಹಿಟ್ಲರನಿಗೆ ತಲೆಬಾಗದ ಜರ್ಮನ್ ಸಭೆಯವರಿಗಾಗಿ ಅವನು 1935ರಲ್ಲಿ ಒಂದು ಸೆಮಿನರಿ ನಡೆಸತೊಡಗಿದ. ಮೊದಲು ಬಾಲ್ಟಿಕ್ ಕಡಲ ದಂಡೆಯಲ್ಲಿ, ಆಮೇಲೆ ಫಿಂಕನ್‌ವಾಲ್ಡೆಯಲ್ಲಿ. ಎರಡೇ ವರ್ಷದಲ್ಲಿ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಅಲ್ಲಿ ಎಲ್ಲರೂ ಒಟ್ಟಿಗೆ ಬದುಕುತ್ತಿದ್ದರು. ಧ್ಯಾನ, ಊಟ, ಆಟ ಎಲ್ಲ ಇತ್ತು. ಅವನು ಹಾಕಿದ್ದ ಒಂದು ಕಟ್ಟುಪಾಡು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಎದುರಿಲ್ಲದ ಸಹೋದರನ ಬಗ್ಗೆ ಮಾತಾಡಕೂಡದು. ಆಡಿಬಿಟ್ಟರೆ, ಆಡಿದೆ ಎಂದು ಅವನಿಗೇ ಹೋಗಿ ಹೇಳಬೇಕು.

ಕೋಣೆ ಹಂಚಿಕೊಂಡವರಿಗೆ ಒಬ್ಬರ ಸಾಲ, ಗೊರಕೆ, ಅಳು, ಅಪನಂಬಿಕೆ ಎಲ್ಲವೂ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಸಭಾಪಾಲಕನ ಕೆಲಸವೂ ಅದೇ ತಾನೇ? ಯಾರ ಗಂಡ ಕುಡಿಯುತ್ತಾನೆ, ಯಾವ ಹುಡುಗಿ ಯಾಕೆ ತವರಿಗೆ ಬಂದು ಕೂತಿದ್ದಾಳೆ ಎಂಬುದೆಲ್ಲ ಅಯ್ಯನವರ ಕಿವಿಗೆ ಬಿದ್ದೇ ಬೀಳುತ್ತದೆ. ಗೊತ್ತಾದದ್ದನ್ನು ಏನು ಮಾಡುತ್ತಾನೆ ಎಂಬುದಕ್ಕೆ ಹಾಸ್ಟೆಲಿಗಿಂತ ಒಳ್ಳೆಯ ತಾಲೀಮು ಎಲ್ಲಿದೆ? ಆ ತಾಲೀಮಿನಲ್ಲಿ ನಾನು ಸೋತೆ, ವರದಿಯಲ್ಲಿ ಗೆದ್ದೆ.

ಹಾಗೆಂದು ವರದಿಯೇ ಬೇಡ ಎನ್ನಲಾರೆ. ಹಣಕ್ಕೆ ಕೈ ಹಾಕುವವನನ್ನು, ಹೆಣ್ಣುಮಕ್ಕಳಿಗೆ ಕಾಟ ಕೊಡುವವನನ್ನು ಸಹೋದರನೆಂದು ಮುಚ್ಚಿಟ್ಟ ಸಭೆಗಳು ಮಾಡಿದ ಅನಾಹುತ ಸಣ್ಣದಲ್ಲ. ಅಲ್ಲಿ ಮೌನ ಪಾಪ. ಆದರೆ ನನ್ನ ಗೆಳೆಯನಿಂದ ಯಾರಿಗೆ ಅಪಾಯವಿತ್ತು? ದೇವರ ಮುಂದೆ ಸುಳ್ಳಾಡಲಾರೆ ಎಂದು ಮಲಗಿದವನು ಅವನು. ನಾನು ಆ ದಿನಗಳಲ್ಲಿ ಚಾಪೆಲಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದೆ, ವಾರ್ಡನ್ ಯಾವ ಸಾಲಿನಲ್ಲಿ ಕೂತಿದ್ದಾರೆಂದು ನೋಡಿಕೊಂಡು.

ಕಟ್ಟುಪಾಡಿನ ಎರಡನೆಯ ಭಾಗ ನನ್ನಿಂದ ಇನ್ನೂ ಬಾಕಿ ಇದೆ. ಅವನು ಈಗ ಊರ ಕಡೆಯೇ ಸಭಾಪಾಲಕ. ಪ್ರತಿ ಕ್ರಿಸ್ಮಸ್‌ಗೆ ಫೋನ್ ಮಾಡುತ್ತಾನೆ. ತೊಗರಿ ಹೇಗಿದೆ, ಮಕ್ಕಳ ಓದು ಹೇಗೆ ಎಂದು ಕೇಳಿ ನಾನು ಫೋನ್ ಇಡುತ್ತೇನೆ.