ಚಿತ್ರದ ಸತ್ಯ, ಬರಹದ ಅಸತ್ಯ

ಛಾಯಾಚಿತ್ರವು ಸುಳ್ಳು ಹೇಳಬಲ್ಲುದೇ? ಫ್ರಾನ್ಸಿನ ರೊಬೇರ್ ದ್ವಾನೊ ಅವರು 1958ರಲ್ಲಿ ತೆಗೆದ ಚಿತ್ರವೊಂದು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಪ್ಯಾರಿಸ್ಸಿನ ಸೇನ್ ರಸ್ತೆಯ ಪಾನಗೃಹವೊಂದರಲ್ಲಿ ಓರ್ವ ಯುವತಿ, ಪಕ್ಕದಲ್ಲಿ ಅವಳಿಗಿಂತ ಹಿರಿಯ ಪುರುಷ. ಮುಂದೆ ದ್ರಾಕ್ಷಾಮದ್ಯದ ಲೋಟಗಳು. ಆತನ ದೃಷ್ಟಿ ಆಕೆಯ ಮೇಲೆ. ಆಕೆಯ ದೃಷ್ಟಿ ಕೆಳಗೆ, ಲೋಟದತ್ತ. ಈ ಎರಡು ನೋಟಗಳು ಸಂಧಿಸದಿರುವುದೇ ಚಿತ್ರರಚನೆಯ ಮರ್ಮ. ಆ ತೆರಪನ್ನು ತುಂಬುವುದು ನೋಡುವವನ ಮನಸ್ಸು.

ಇಬ್ಬರ ಒಪ್ಪಿಗೆ ಪಡೆದೇ ತೆಗೆದ ಈ ಚಿತ್ರ ಮೊದಲು ಪಾನಗೃಹಗಳನ್ನು ಕುರಿತ ಬರಹದೊಡನೆ ಪ್ರಕಟವಾಯಿತು. ಬಳಿಕ ಪಾನನಿರೋಧದ ಪತ್ರಿಕೆಯೊಂದು ಅದನ್ನೇ ಕುಡಿತದ ಕೆಡುಕಿಗೆ ನಿದರ್ಶನವಾಗಿಸಿತು. ಕೊನೆಗೆ ಅಗ್ಗದ ಪತ್ರಿಕೆಯೊಂದು ಅದನ್ನು ವೇಶ್ಯಾವೃತ್ತಿಯ ವರದಿಯೊಡನೆ ಅಚ್ಚುಹಾಕಿತು. ಚಿತ್ರಕಲಾ ಶಿಕ್ಷಕರಾಗಿದ್ದ ಆ ಪುರುಷರು ನ್ಯಾಯಾಲಯದ ಮೊರೆಹೊಕ್ಕರು. ಪತ್ರಿಕೆಗೆ ದಂಡವಾಯಿತು, ಛಾಯಾಗ್ರಾಹಕರು ದೋಷಮುಕ್ತರಾದರು.

ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಬದಲಾದದ್ದು ಪಕ್ಕದ ಬರಹ. ಮೂರನೆಯ ಪತ್ರಿಕೆಯನ್ನು ಖಂಡಿಸುವುದು ಸುಲಭ. ಆದರೆ ಸದುದ್ದೇಶದ ಎರಡನೆಯದೂ ತಾನರಿಯದ ದೋಷವನ್ನು ಅಪರಿಚಿತರ ಮುಖಕ್ಕೆ ಅಂಟಿಸಿತಲ್ಲವೇ? ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಸುಳ್ಳುಸಾಕ್ಷಿ ಶುದ್ಧವಾಗದು. ಕಂಡದ್ದೆಷ್ಟು, ನಾವಾಗಿ ಕಲ್ಪಿಸಿದ್ದೆಷ್ಟು ಎಂದು ಬೇರ್ಪಡಿಸಿಕೊಳ್ಳುವುದೇ ಚಿತ್ರ ನೋಡುವವರ ಮೊದಲ ಕರ್ತವ್ಯ.