ಉಪ್ಪುನೀರಿನ ಋಣ

ಕುಮಾರಪಟ್ಟಣಕ್ಕೆ ಸಮುದ್ರ ದೂರ. ಘಟ್ಟ ಇಳಿದು ಮುರುಡೇಶ್ವರವನ್ನೋ ಕಾರವಾರವನ್ನೋ ಮುಟ್ಟಬೇಕು. ಆದರೂ ತುಂಗಭದ್ರೆಯ ದಡದ ಇಂಥ ಊರಿನ ಪಡಸಾಲೆಯಲ್ಲೂ ಇವತ್ತು ಒಂದು ಚೂರು ಸಮುದ್ರ ಇಟ್ಟುಕೊಳ್ಳಬಹುದು. ಗಾಜಿನ ತೊಟ್ಟಿ, ಚೀಲದಲ್ಲಿ ಬರುವ ಸಮುದ್ರದ ಉಪ್ಪು, ಪಂಪು, ದೀಪ. ಅದರೊಳಗೆ ಕಿತ್ತಳೆ ಮೈಯ, ಬಿಳಿ ಪಟ್ಟೆಯ, ಬೆರಳುದ್ದದ ಕ್ಲೌನ್ ಮೀನು. ನೀಮೊ ಅಂದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ದುಡ್ಡು ಕೊಡುವ ಮೊದಲು ಯಾರಾದರೂ ಕೇಳುವ ಪ್ರಶ್ನೆ, "ಇವು ಎಷ್ಟು ದಿನ ಬದುಕ್ತಾವ್ರಿ?"

ಕೇಳಬೇಕಾದ ಪ್ರಶ್ನೆಯೇ. ಚೆನ್ನಾಗಿ ನೋಡಿಕೊಂಡರೆ ಈ ಮೀನು ತೊಟ್ಟಿಯಲ್ಲಿ ಹತ್ತು ವರ್ಷ ದಾಟುತ್ತದೆ, ಇಪ್ಪತ್ತು ಕಂಡವೂ ಇವೆ. ಪಾಪುವಾ ನ್ಯೂಗಿನಿಯ ಹವಳದ ದಿಬ್ಬಗಳಲ್ಲಿ ಇದರದೇ ಜಾತಿಯ ಮೀನುಗಳನ್ನು ಗಮನಿಸಿದ ಬಸ್ಟನ್ ಮತ್ತು ಗಾರ್ಸಿಯಾ ಎಂಬ ವಿಜ್ಞಾನಿಗಳು, ಹೆಣ್ಣುಮೀನು ಸುಮಾರು 30 ವರ್ಷ ಬದುಕಬಲ್ಲದು ಎಂದು 2007ರಲ್ಲಿ ಲೆಕ್ಕ ಹಾಕಿದರು. ಅಷ್ಟು ಆಯುಷ್ಯ ಪಡೆದು ಬಂದ ಜೀವ ನಮ್ಮ ಮನೆಗೆ ಬಂದ ತಿಂಗಳೊಳಗೆ ಮಗ್ಗುಲಾಗಿ ತೇಲುವುದೂ ಉಂಟು. ಹತ್ತು, ಇಪ್ಪತ್ತು ಎಂದು ಹೇಳುವ ವರ್ಷಗಳೆಲ್ಲ ಬದುಕಿ ಉಳಿದವುಗಳ ಲೆಕ್ಕ. ದಾರಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೇ ಸತ್ತವು ಆ ಲೆಕ್ಕಕ್ಕೆ ಬರುವುದಿಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆ ಹವಳದ ಸಂದಿಗಳಿಗೆ ಸೈನೈಡ್ ಚಿಮ್ಮಿಸಿ, ಮಂಪರು ಕವಿದ ಮೀನುಗಳನ್ನು ಬಾಚಿಕೊಳ್ಳುವವರಿದ್ದಾರೆ. ಆ ವಿಷ ತಗುಲಿದ ಮೀನು ಅಂಗಡಿಯಲ್ಲಿ ಲವಲವಿಕೆಯಿಂದಲೇ ಈಜಾಡಿ, ಆಮೇಲೆ ಸಾಯಬಹುದು. ಮ್ಯಾಂಡರಿನ್ ಎಂಬ ಬಣ್ಣದ ಮೀನಿನ ಕಥೆ ಇನ್ನೂ ಸಂಕಟದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಂತ ಹುಳುಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಮೀನು ಅದು. ಹೊಸ ತೊಟ್ಟಿಯಲ್ಲಿ ಆ ಹುಳು ಇರುವುದಿಲ್ಲ. ನಾವು ಹಾಕುವ ಕಾಳು ಅದಕ್ಕೆ ಆಹಾರವೇ ಅಲ್ಲ. ತಿನಿಸಿನ ಡಬ್ಬಿ ತುಂಬಿದ್ದರೂ ಅದು ನಮ್ಮ ಕಣ್ಣೆದುರೇ ಹಸಿದು ಹೊಟ್ಟೆ ಒಳಸೇರಿ ಸಾಯುತ್ತದೆ.

ಉಳಿದ ಸಾವುಗಳಲ್ಲಿ ಬಹಳಷ್ಟು ನೀರಿನವು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಆ ಉಪ್ಪು ಮೀನಿನ ಮೈಯ ನೀರನ್ನು ಸದಾ ಹೊರಗೆಳೆಯುತ್ತಿರುತ್ತದೆ. ಅದಕ್ಕೇ ಸಮುದ್ರದ ಮೀನು ನೀರು ಕುಡಿಯುತ್ತಲೇ ಇರಬೇಕು, ಕುಡಿದದ್ದರ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತಲೇ ಇರಬೇಕು. ರಾಣೆಬೆನ್ನೂರು ಸೀಮೆಯ ಏಪ್ರಿಲ್ ಬಿಸಿಲಿಗೆ ತೊಟ್ಟಿಯ ನೀರು ದಿನದಿನಕ್ಕೆ ಇಳಿಯುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ತುಂಬಬೇಕಾದದ್ದು ಸಿಹಿನೀರು. ಸಮುದ್ರದ ಮೀನಲ್ಲವೇ ಎಂದು ಪ್ರೀತಿಯಿಂದ ಮತ್ತೆ ಉಪ್ಪುನೀರು ಸುರಿದರೆ ಆ ಪುಟ್ಟ ಕಿವಿರುಗಳ ಮೇಲೆ ಹೊರೆ ಏರುತ್ತಾ ಹೋಗುತ್ತದೆ. ಇನ್ನು ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ. ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕಾರು ವಾರ ಹಿಡಿಯುತ್ತದೆ. ಅಷ್ಟು ದಿನ ಬರಿಯ ನೀರನ್ನು ನೋಡುತ್ತಾ ಕೂರುವ ತಾಳ್ಮೆ ಎಷ್ಟು ಜನಕ್ಕಿದೆ? ತೊಟ್ಟಿ ತಂದ ದಿನವೇ ಮೀನೂ ಬರುತ್ತದೆ.

ನೀರು ಕೆಟ್ಟರೆ ಮೀನಿಗೆ ಏನಾಗುತ್ತದೆ ಎಂಬುದನ್ನು ಕುಮಾರಪಟ್ಟಣಕ್ಕೆ ಹೊರಗಿನವರು ಹೇಳಿಕೊಡಬೇಕಿಲ್ಲ. ಇಲ್ಲಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ಹೊಳೆಯ ಮೀನು ಸಾಯುತ್ತಿವೆ ಎಂದು 1980ರ ದಶಕದಲ್ಲಿ ದಡದ ಹಳ್ಳಿಗಳ ಜನ ದನಿ ಎತ್ತಿದರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಆ ಹೋರಾಟಕ್ಕೆ ನಿಂತಿತು. ಹೊಳೆಯ ಮೀನಿಗೆ ಹಾಗೆ ಕೇಳುವವರು ಸಿಕ್ಕರು. ಹೊಳೆಗೆ ಮಳೆಗಾಲವೂ ಬರುತ್ತದೆ, ಪ್ರವಾಹ ಎಲ್ಲವನ್ನೂ ತೊಳೆದು ಒಯ್ಯುತ್ತದೆ. ಗಾಜಿನ ತೊಟ್ಟಿಗಾದರೋ ಮಳೆಯೂ ನಾವೇ, ಕಾರ್ಖಾನೆಯೂ ನಾವೇ. ಅಲ್ಲಿ ಕೆಟ್ಟದ್ದನ್ನು ಕೇಳುವವರು ಬೇರೆ ಯಾರೂ ಇಲ್ಲ. ಸೆರೆಯಲ್ಲಿರುವ ಮೀನಿನ ಆಯುಷ್ಯ ಎಂದು ನಾವು ಹೇಳುವುದು ಹೆಚ್ಚಿನಂಶ ನಮ್ಮ ಗಮನದ ಆಯುಷ್ಯವನ್ನೇ.

ಹಾಗೆಂದು ಬದುಕಿನ ಉದ್ದವೇ ಎಲ್ಲವೂ ಅಲ್ಲ. ಆಸ್ಟ್ರೇಲಿಯಾದ ಹವಳದ ದಂಡೆಯಲ್ಲಿ ಎವಿಯೋಟಾ ಸಿಗಿಲ್ಲಾಟಾ ಎಂಬ ಕಿರುಮೀನಿದೆ. ಅದರ ಪೂರ್ಣಾಯುಷ್ಯ ಹೆಚ್ಚೆಂದರೆ 59 ದಿನ. ಮೊದಲ ಮೂರು ವಾರ ತೆರೆದ ಕಡಲಲ್ಲಿ ತೇಲುವ ಮರಿ, ಆಮೇಲೆ ಹವಳಕ್ಕೆ ಬಂದು ನೆಲೆ, ಬೆಳವಣಿಗೆ, ಜೋಡಿ, ಮೊಟ್ಟೆ. ಗಂಡು ಮೊಟ್ಟೆಗಳನ್ನು ಕಾಯುತ್ತದೆ. ಎರಡು ತಿಂಗಳೊಳಗೆ ಬಾಳು ತುಂಬಿತು. ಅದನ್ನು ಅಲ್ಪಾಯು ಎಂದು ಮರುಗಲು ನನಗೆ ಮನಸ್ಸಾಗುವುದಿಲ್ಲ. ಮೂವತ್ತು ವರ್ಷದ ಜೀವ ಮೂವತ್ತು ದಿನಕ್ಕೆ ಮುಗಿದಾಗ ಮಾತ್ರ ಎದೆ ಹಿಂಡುತ್ತದೆ.

ಒಳ್ಳೆಯ ತೊಟ್ಟಿಯಲ್ಲಿ ಕ್ಲೌನ್ ಮೀನು ತನ್ನ ಬಾಳಿನ ಕೆಲಸವನ್ನು ಬಿಡುವುದಿಲ್ಲ. ಜೋಡಿ ಒಂದು ಕಲ್ಲನ್ನೋ ಹೆಂಚಿನ ಚೂರನ್ನೋ ಬಾಯಿಂದ ಉಜ್ಜಿ ಚೊಕ್ಕ ಮಾಡುತ್ತದೆ. ಹೆಣ್ಣು ಅದರ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ. ಗಂಡು ಪಕ್ಕದ ರೆಕ್ಕೆಗಳಿಂದ ಅವಕ್ಕೆ ನೀರು ಬೀಸುತ್ತಾ ನಿಲ್ಲುತ್ತದೆ, ಕೆಟ್ಟ ಮೊಟ್ಟೆಯನ್ನು ಆರಿಸಿ ತೆಗೆಯುತ್ತದೆ. ವಾರ ಕಳೆಯುವಷ್ಟರಲ್ಲಿ ಪ್ರತಿ ಮೊಟ್ಟೆಯೊಳಗೂ ಬೆಳ್ಳಿಯಂತೆ ಹೊಳೆಯುವ ಎರಡು ಕಣ್ಣು ಕಾಣುತ್ತವೆ. ದೀಪ ಆರಿದ ಮೇಲೆ, ಕತ್ತಲಲ್ಲಿ ಮರಿಗಳು ಹೊರಬರುತ್ತವೆ. ಈ ಗುಣವನ್ನು ನೆಚ್ಚಿಕೊಂಡೇ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೇರಳದ ವಿಳಿಂಜಂ, ತಮಿಳುನಾಡಿನ ಮಂಡಪಂ ಕೇಂದ್ರಗಳಲ್ಲಿ ಈ ಮೀನಿನ ಮರಿ ಮಾಡಿಸಿ ಬೆಳೆಸುವುದನ್ನು ಸಾಧಿಸಿದರು. ತೊಟ್ಟಿಯಲ್ಲೇ ಹುಟ್ಟಿದ ಮರಿಗೆ ಬಲೆಯ ಗಾಯವಿಲ್ಲ, ವಿಷವಿಲ್ಲ, ಕಾಳು ತಿನ್ನುವುದೂ ಮೊದಲೇ ಗೊತ್ತು. ಹಾಗಾಗಿ ಅಂಗಡಿಯಲ್ಲಿ ಎಷ್ಟು ದಿನ ಬದುಕುತ್ತದೆ ಎಂದು ಕೇಳುವ ಮೊದಲು ಎಲ್ಲಿ ಹುಟ್ಟಿದ್ದು ಎಂದು ಕೇಳುವುದು ಒಳ್ಳೆಯದು.

ಆಕಳು ತರುವವರು ಮೊದಲು ಮೇವು, ಕೊಟ್ಟಿಗೆ, ಮನೆಯವರು ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು ಎಂದು ಯೋಚಿಸುತ್ತಾರೆ. ಈ ಮೀನಿಗೂ ಅಷ್ಟು ಯೋಚನೆ ಸಲ್ಲಬೇಕು. ಇವತ್ತು ಹಟ ಹಿಡಿದು ಮೀನು ತರಿಸಿಕೊಂಡ ನಾಲ್ಕನೇ ತರಗತಿಯ ಹುಡುಗಿ ಓದಲು ಧಾರವಾಡಕ್ಕೆ ಹೋದಾಗಲೂ ಮೀನು ಈ ಮನೆಯಲ್ಲೇ ಇರುತ್ತದೆ. ಕರೆಂಟ್ ಹೋದ ರಾತ್ರಿ ಎದ್ದು ನೀರಿಗೆ ಗಾಳಿ ಕೊಡುವವರು ಆಗಲೂ ಬೇಕು. ಅಷ್ಟು ವರ್ಷ ನಿಭಾಯಿಸಲಾಗದು ಅನ್ನಿಸಿದವರಿಗೆ ನೇತ್ರಾಣಿ ಇದೆ. ಮುರುಡೇಶ್ವರದಿಂದ ಆ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು ನೀರಿಗಿಳಿಸುತ್ತಾರೆ. ಹವಳದ ನಡುವೆ ಚಿಟ್ಟೆಮೀನು, ಗಿಳಿಮೀನುಗಳನ್ನು ಅವುಗಳ ಮನೆಯಲ್ಲೇ ನೋಡಿಬರಬಹುದು. ಮಳೆಗಾಲದಲ್ಲಿ ಮಾತ್ರ ದೋಣಿ ಹೋಗುವುದಿಲ್ಲ.